ಸಕ್ಕರೆ ಇಲ್ಲ ಸರಿ, ಮತ್ತೆ ಏನಿದೆ? – ಬಾಟಲಿಯ ಹಿಂಬದಿ ಓದೋಣ

(ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಆರೋಗ್ಯ ಮಾಹಿತಿ ಶಿಬಿರದಲ್ಲಿ ಆಡಿದ ಮಾತುಗಳ ಬರಹರೂಪ)



ನಾವೆಲ್ಲ ಸಂಘಕ್ಕೆ ಸೇರಿದ ಮೇಲೆ ಕಲಿತ ಮೊದಲ ವಿದ್ಯೆ ಯಾವುದು ಹೇಳಿ? ಪಾಸ್‌ಬುಕ್ ಓದುವುದು. ಹೆಬ್ಬೆಟ್ಟು ಒತ್ತುತ್ತಿದ್ದವರು ಸಹಿ ಹಾಕಲು ಕಲಿತರು, ಅಂಕಿ ನೋಡಿ ಲೆಕ್ಕ ಕೇಳಲು ಕಲಿತರು. ಬ್ಯಾಂಕಿನವರು ಬಾಯಲ್ಲಿ ಏನೇ ಹೇಳಲಿ, ಪುಸ್ತಕದಲ್ಲಿ ಏನು ಬರೆದಿದೆ ಅಂತ ನಾವು ನೋಡೇ ನೋಡ್ತೇವೆ. ಇವತ್ತು ಅದೇ ವಿದ್ಯೆಯನ್ನು ಇನ್ನೊಂದು ಕಡೆ ಉಪಯೋಗಿಸೋಣ. ಅಂಗಡಿಯಲ್ಲಿ ಸಿಗುವ ತಂಪು ಪಾನೀಯದ ಬಾಟಲಿಯನ್ನು ಓದೋಣ. ಅದರಲ್ಲೂ ‘ಶುಗರ್ ಫ್ರೀ’, ‘ಝೀರೋ ಶುಗರ್’, ‘ಡಯಟ್’ ಎಂದು ಬರೆದಿರುವ ಬಾಟಲಿಯನ್ನು.

ಯಾಕೆ ಈ ವಿಷಯ ಅಂತ ಕೇಳಬಹುದು. ಈಗ ನಮ್ಮ ಪ್ರತಿ ಸಂಘದಲ್ಲೂ ಸಕ್ಕರೆ ಕಾಯಿಲೆ ಇರುವವರು ಒಬ್ಬಿಬ್ಬರಾದರೂ ಇದ್ದಾರೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಈ ಕಾಯಿಲೆ ಇದೆ. ಮದುವೆ, ನಾಮಕರಣ, ಊರ ಹಬ್ಬ ಎಲ್ಲೇ ಹೋದರೂ ಕೂಲ್ ಡ್ರಿಂಕ್ಸ್ ಕೈಗೆ ಬರುತ್ತದೆ. ‘ಇದು ಶುಗರ್ ಇಲ್ಲದ್ದು, ನೀವು ಕುಡಿಯಬಹುದು ಬಿಡಿ’ ಅಂತ ಹೇಳಿ ಕೊಡುತ್ತಾರೆ. ನಾವೂ ಔಷಧಿಯಷ್ಟೇ ನಂಬಿಕೆಯಿಂದ ಕುಡಿಯುತ್ತೇವೆ. ಮಕ್ಕಳಿಗೂ ಕೊಡುತ್ತೇವೆ. ಆದರೆ ‘ಸಕ್ಕರೆ ಇಲ್ಲ’ ಅನ್ನುವ ಮಾತು ಅದರಲ್ಲಿ ಏನು ಇಲ್ಲ ಅಂತ ಮಾತ್ರ ಹೇಳುತ್ತದೆ. ಏನು ಇದೆ ಅಂತ ಹೇಳುವುದಿಲ್ಲ. ಅದನ್ನು ಹೇಳುವುದು ಬಾಟಲಿಯ ಹಿಂಬದಿ.

ಮೊದಲು ಸಕ್ಕರೆಯ ಲೆಕ್ಕ

ಸಾಮಾನ್ಯ ಕೋಲಾ ಪಾನೀಯದಲ್ಲಿ 100 ಮಿಲಿಲೀಟರಿಗೆ ಸುಮಾರು 10 ಗ್ರಾಂ ಸಕ್ಕರೆ ಇರುತ್ತದೆ. ಕಂಪನಿಯಿಂದ ಕಂಪನಿಗೆ ಸ್ವಲ್ಪ ಹೆಚ್ಚು ಕಡಿಮೆ ಆಗಬಹುದು. 250 ಮಿಲಿಲೀಟರಿನ ಒಂದು ಬಾಟಲಿ ಕುಡಿದರೆ 25 ಗ್ರಾಂ, ಅಂದರೆ 5 ಚಮಚ ಸಕ್ಕರೆ. ಒಂದು ಲೋಟ ಕಾಫಿಗೆ ಯಾರಾದರೂ 5 ಚಮಚ ಸಕ್ಕರೆ ಹಾಕಿ ಕೊಟ್ಟರೆ ನಾವು ಕುಡಿಯುತ್ತೇವಾ? ಬಾಯಿಗೇ ಇಡುವುದಿಲ್ಲ. ಕೂಲ್ ಡ್ರಿಂಕ್ಸಿನಲ್ಲಿ ಹುಳಿ, ಗ್ಯಾಸು, ತಂಪು ಸೇರಿರುವುದರಿಂದ ಅಷ್ಟೊಂದು ಸಿಹಿ ನಾಲಿಗೆಗೆ ಗೊತ್ತಾಗುವುದಿಲ್ಲ, ಅಷ್ಟೇ. ದೊಡ್ಡವರು ದಿನಕ್ಕೆ ಹೊರಗಿನಿಂದ ಸೇರಿಸಿದ ಸಕ್ಕರೆಯನ್ನು ಸುಮಾರು 25 ಗ್ರಾಮಿನೊಳಗೆ ಇಟ್ಟುಕೊಂಡರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಹಾಗಾದರೆ ಒಂದೇ ಬಾಟಲಿಗೆ ಇಡೀ ದಿನದ ಪಾಲು ಮುಗಿದು ಹೋಯಿತು.

ಆದ್ದರಿಂದ ಸಕ್ಕರೆ ಕಾಯಿಲೆ ಇರುವವರ ಮಟ್ಟಿಗೆ ಹೇಳುವುದಾದರೆ ಸಕ್ಕರೆ ಹಾಕಿದ್ದಕ್ಕಿಂತ ಸಕ್ಕರೆ ಇಲ್ಲದ ಪಾನೀಯ ವಾಸಿ. ಅದು ರಕ್ತದ ಸಕ್ಕರೆಯನ್ನು ನೇರವಾಗಿ ಏರಿಸುವುದಿಲ್ಲ. ಈ ಮಾತನ್ನು ನಾವು ಮುಚ್ಚಿಡಬಾರದು. ಆದರೆ ‘ವಾಸಿ’ ಅಂದರೆ ‘ಒಳ್ಳೆಯದು’ ಅಂತ ಅರ್ಥ ಅಲ್ಲ.

ಮುಂಬದಿಯ ಮಾತಿನಲ್ಲೂ ವ್ಯತ್ಯಾಸ ಇದೆ

ನಮ್ಮ ದೇಶದಲ್ಲಿ ಆಹಾರ ಸುರಕ್ಷತೆ ನೋಡಿಕೊಳ್ಳುವುದು ಎಫ್‌ಎಸ್‌ಎಸ್‌ಎಐ ಎಂಬ ಪ್ರಾಧಿಕಾರ. ಅದರ 2018ರ ನಿಯಮದಂತೆ ‘ಶುಗರ್ ಫ್ರೀ’ ಎಂದು ಬರೆಯಬೇಕಾದರೆ 100 ಮಿಲಿಲೀಟರಿನಲ್ಲಿ ಅರ್ಧ ಗ್ರಾಮಿಗಿಂತ ಹೆಚ್ಚು ಸಕ್ಕರೆ ಇರಬಾರದು. ‘ಲೋ ಶುಗರ್’ ಎಂದು ಬರೆದಿದ್ದರೆ 100 ಮಿಲಿಲೀಟರಿಗೆ ಎರಡೂವರೆ ಗ್ರಾಂ ತನಕ ಇರಬಹುದು. ‘ನೋ ಆ್ಯಡೆಡ್ ಶುಗರ್’ ಅಂದರೆ ಮೇಲಿನಿಂದ ಸಕ್ಕರೆ ಹಾಕಿಲ್ಲ ಅಂತ ಮಾತ್ರ. ಹಣ್ಣಿನ ರಸದಲ್ಲಿ ಹಣ್ಣಿನದೇ ಸಕ್ಕರೆ ಬೇಕಾದಷ್ಟು ಇರಬಹುದು. ಮೂರೂ ಒಂದೇ ಅಂತ ತಿಳಿದು ಸಕ್ಕರೆ ಕಾಯಿಲೆಯವರು ಲೋಟಗಟ್ಟಲೆ ಜ್ಯೂಸ್ ಕುಡಿದರೆ ಕಷ್ಟ.

ಇನ್ನೊಂದು ವಿಷಯ ಗಮನಿಸಿ. ಹಿಂಬದಿಯ ಪಟ್ಟಿಯಲ್ಲಿ ಸಾಮಾನ್ಯವಾಗಿ 100 ಮಿಲಿಲೀಟರಿನ ಲೆಕ್ಕ ಕೊಟ್ಟಿರುತ್ತಾರೆ. ನಾವು ಕುಡಿಯುವುದು 250. ಆದ್ದರಿಂದ ಅಲ್ಲಿರುವ ಅಂಕಿಯನ್ನು ಎರಡೂವರೆ ಪಟ್ಟು ಮಾಡಿ ನೋಡಬೇಕು. ಬಡ್ಡಿ ಲೆಕ್ಕ ಹಾಕುವ ನಮಗೆ ಇದು ದೊಡ್ಡ ಲೆಕ್ಕವಲ್ಲ.

ಅಂಕಿ ನೋಡಿ ಗುರುತು ಹಿಡಿಯಿರಿ

‘ಅಯ್ಯೋ, ಅದೆಲ್ಲ ಇಂಗ್ಲಿಷಿನಲ್ಲಿ ಇರುತ್ತೆ, ನಮಗೆಲ್ಲಿ ಓದೋಕೆ ಬರುತ್ತೆ?’ ಅನ್ನಬೇಡಿ. ಇಂಗ್ಲಿಷ್ ಬಾರದಿದ್ದರೂ ಅಂಕಿ ಬರುತ್ತದಲ್ಲ? ಆಹಾರಕ್ಕೆ ಬೆರೆಸುವ ಇಂಥ ಪದಾರ್ಥಗಳಿಗೆ ಅಂತರರಾಷ್ಟ್ರೀಯ ಮಟ್ಟದಲ್ಲಿ ಒಂದೊಂದು ನಂಬರು ಇದೆ. ಅದಕ್ಕೆ ಐಎನ್‌ಎಸ್ ನಂಬರು ಅಂತಾರೆ. ಬಾಟಲಿಯ ಹಿಂಬದಿಯಲ್ಲಿ ಕಂಸದೊಳಗೆ ಇರುವ ಮೂರಂಕಿಯ ಸಂಖ್ಯೆಗಳೇ ಅವು. ಪದಾರ್ಥಗಳ ಪಟ್ಟಿಯಲ್ಲಿ ಯಾವುದು ತೂಕದಲ್ಲಿ ಹೆಚ್ಚೋ ಅದು ಮೊದಲು ಬರಬೇಕು ಅನ್ನುವುದೂ ನಿಯಮ. ಹಾಗಾಗಿ ಸಕ್ಕರೆ ಇಲ್ಲದ ಪಾನೀಯದ ಪಟ್ಟಿಯಲ್ಲಿ ಮೊದಲ ಹೆಸರು ನೀರು. ನಾವು ದುಡ್ಡು ಕೊಟ್ಟು ಕೊಳ್ಳುವುದು ಬಹುಪಾಲು ನೀರನ್ನೇ. ಉಳಿದವುಗಳನ್ನು ಒಂದೊಂದಾಗಿ ನೋಡೋಣ.

ಸಿಹಿ ಕೊಡುವವು: 951 ಅಂದರೆ ಆಸ್ಪರ್ಟೇಮ್. ಸಕ್ಕರೆಗಿಂತ ಸುಮಾರು 200 ಪಟ್ಟು ಸಿಹಿ. 950 ಅಂದರೆ ಎಸಿಸಲ್ಫೇಮ್ ಪೊಟ್ಯಾಸಿಯಂ. ಇದೂ ಸುಮಾರು 200 ಪಟ್ಟು. 955 ಅಂದರೆ ಸುಕ್ರಲೋಸ್, ಸುಮಾರು 600 ಪಟ್ಟು. 960 ಅಂದರೆ ಸ್ಟೀವಿಯಾ ಎಂಬ ಗಿಡದ ಎಲೆಯಿಂದ ಬರುವ ಸಿಹಿ. 954 ಅಂದರೆ ಸ್ಯಾಕರಿನ್. ಈ ಹೆಸರನ್ನು ಹಿರಿಯರು ಕೇಳಿರಬಹುದು. 1879ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುತ್ತಿದ್ದ ಫಾಲ್‌ಬರ್ಗ್ ಎಂಬುವರು ಕೈ ಸರಿಯಾಗಿ ತೊಳೆಯದೆ ಊಟಕ್ಕೆ ಕೂತರಂತೆ. ತಿಂದ ಬ್ರೆಡ್ಡು ವಿಪರೀತ ಸಿಹಿ! ಕಲ್ಲಿದ್ದಲಿನ ಟಾರಿನ ಪದಾರ್ಥಗಳ ಮೇಲೆ ಕೆಲಸ ಮಾಡುವಾಗ ಕೈಗೆ ಅಂಟಿದ್ದ ವಸ್ತು ಅದು. ಹೀಗೆ ಸ್ಯಾಕರಿನ್ ಗೊತ್ತಾಯಿತು.

ಇಷ್ಟು ಪಟ್ಟು ಸಿಹಿ ಇರುವುದರಿಂದ ಇವುಗಳನ್ನು ಚಿಟಿಕೆಗಿಂತ ಕಡಿಮೆ ಹಾಕಿದರೂ ಸಾಕು. ಹಲವು ಪಾನೀಯಗಳಲ್ಲಿ ಎರಡು ಬಗೆಯ ಸಿಹಿಯನ್ನು ಬೆರೆಸಿರುತ್ತಾರೆ. ಒಂದರ ಕಹಿ ಒಗರನ್ನು ಇನ್ನೊಂದು ಮುಚ್ಚುತ್ತದೆ.

ಹುಳಿ ಕೊಡುವವು: 338 ಅಂದರೆ ಫಾಸ್ಫಾರಿಕ್ ಆಮ್ಲ. ಇದು ಕೋಲಾಗಳಲ್ಲಿ ಇರುತ್ತದೆ. 330 ಅಂದರೆ ಸಿಟ್ರಿಕ್ ಆಮ್ಲ, ನಿಂಬೆಹಣ್ಣಿನಲ್ಲಿ ಇರುವಂಥದ್ದು. ಸಕ್ಕರೆ ಇಲ್ಲದಿದ್ದರೂ ಹುಳಿ ಇದ್ದೇ ಇರುತ್ತದೆ. ‘ಸಕ್ಕರೆ ಇಲ್ಲ, ಮಕ್ಕಳ ಹಲ್ಲಿಗೆ ಏನೂ ಆಗಲ್ಲ’ ಅನ್ನುವುದು ತಪ್ಪು ತಿಳಿವಳಿಕೆ. ಹುಳುಕಿನ ಭಯ ಕಡಿಮೆ ಆಗಬಹುದು. ಆದರೆ ಪದೇ ಪದೇ ಹುಳಿ ತಾಗಿದರೆ ಹಲ್ಲಿನ ಹೊರಪದರ ಸವೆಯುತ್ತದೆ. ಕುಡಿದ ತಕ್ಷಣ ಹಲ್ಲು ಉಜ್ಜಬಾರದು, ಬಾಯಿ ಮುಕ್ಕಳಿಸಿದರೆ ಸಾಕು.

ಕೆಡದಂತೆ ಕಾಯುವವು: 211 ಅಂದರೆ ಸೋಡಿಯಂ ಬೆಂಜೋಯೇಟ್, 202 ಅಂದರೆ ಪೊಟ್ಯಾಸಿಯಂ ಸಾರ್ಬೇಟ್. ನಾವು ಉಪ್ಪಿನಕಾಯಿಗೆ ಉಪ್ಪು, ಎಣ್ಣೆ ಹಾಕಿ ಬೂಷ್ಟು ಬರದಂತೆ ನೋಡಿಕೊಳ್ಳುವ ಹಾಗೆ ಇವು ಕೆಲಸ ಮಾಡುತ್ತವೆ.

ಬಣ್ಣ, ಗ್ಯಾಸು, ಕೆಫೀನು: ಕೋಲಾದ ಕಂದು ಬಣ್ಣಕ್ಕೆ 150ಡಿ, ಅಂದರೆ ಕ್ಯಾರಮೆಲ್ ಬಣ್ಣ. ಬುಸ್ಸೆಂದು ಉಕ್ಕುವ ಗ್ಯಾಸು 290, ಇಂಗಾಲದ ಡೈ ಆಕ್ಸೈಡ್. ಕೆಫೀನ್ ಎಂಬುದು ಕಾಫಿ ಟೀಯಲ್ಲಿ ಇರುವ ಪದಾರ್ಥವೇ. ಸಕ್ಕರೆ ತೆಗೆದ ಮಾತ್ರಕ್ಕೆ ಕೋಲಾದಿಂದ ಕೆಫೀನ್ ಹೋಗುವುದಿಲ್ಲ. ಪುಟ್ಟ ಮಗುವಿಗೆ ರಾತ್ರಿ ಹೊತ್ತು ನಾವು ಕಾಫಿ ಕೊಡುವುದಿಲ್ಲ. ಆದರೆ ಕೋಲಾ ಕೊಟ್ಟು, ‘ಯಾಕೋ ನಿದ್ದೆ ಮಾಡ್ತಾ ಇಲ್ಲ’ ಅಂತ ಚಿಂತೆ ಮಾಡುತ್ತೇವೆ!

ಹಾಗಾದರೆ ಇದು ವಿಷವೇ?

ಇಲ್ಲ ಸಹೋದರಿಯರೇ, ಹಾಗೆ ಹೇಳಿ ಹೆದರಿಸುವುದು ನಮ್ಮ ಉದ್ದೇಶವಲ್ಲ. ಇವೆಲ್ಲ ಇಂತಿಷ್ಟೇ ಹಾಕಬೇಕು ಎಂಬ ಮಿತಿಯೊಳಗೆ ಸರ್ಕಾರ ಒಪ್ಪಿರುವ ಪದಾರ್ಥಗಳು. ಆದರೆ 2023ರಲ್ಲಿ ಬಂದ ಎರಡು ಸುದ್ದಿಗಳನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಇವುಗಳ ಬಗ್ಗೆ ಮೊಬೈಲಿನಲ್ಲಿ ಅರ್ಧಂಬರ್ಧ ಮಾತುಗಳು ಓಡಾಡುತ್ತಿರುತ್ತವೆ.

ಒಂದು, ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು: ತೂಕ ಇಳಿಸುವುದಕ್ಕಾಗಿ ಈ ಸಿಹಿಗಳನ್ನು ಬಳಸಬೇಡಿ. ವರ್ಷಗಟ್ಟಲೆ ಬಳಸಿದರೂ ಮೈಯ ಕೊಬ್ಬು ಕರಗುವುದು ಕಾಣಲಿಲ್ಲ. ಬಹಳ ಕಾಲ ಬಳಸಿದವರಲ್ಲಿ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಸ್ವಲ್ಪ ಹೆಚ್ಚಾಗಿ ಕಂಡುಬಂದಿದೆ. ಇವುಗಳಿಂದಲೇ ಬಂತೋ, ಮೊದಲೇ ತೂಕ ಹೆಚ್ಚಿದ್ದವರು ಇವನ್ನು ಬಳಸಿದ್ದರಿಂದ ಹಾಗೆ ಕಂಡಿತೋ ಎಂಬುದು ಖಚಿತವಾಗಿಲ್ಲ. ಈಗಾಗಲೇ ಸಕ್ಕರೆ ಕಾಯಿಲೆ ಇರುವವರಿಗೆ ಈ ಸಲಹೆ ಅನ್ವಯಿಸುವುದಿಲ್ಲ ಎಂದೂ ಸಂಸ್ಥೆ ಹೇಳಿದೆ. ಅವರು ತಮ್ಮ ವೈದ್ಯರನ್ನೇ ಕೇಳಬೇಕು.

ಎರಡು, ಜುಲೈ ತಿಂಗಳಲ್ಲಿ ಅದೇ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಆಸ್ಪರ್ಟೇಮನ್ನು ‘ಕ್ಯಾನ್ಸರಿಗೆ ಕಾರಣ ಆಗುವ ಸಾಧ್ಯತೆ ಇರಬಹುದಾದ’ ಪಟ್ಟಿಗೆ ಸೇರಿಸಿತು. ಸಾಕ್ಷಿ ಸಾಲದಿರುವಾಗ ಸೇರಿಸುವ ಪಟ್ಟಿ ಇದು. ಅದೇ ಹೊತ್ತಿಗೆ ಆಹಾರ ತಜ್ಞರ ಸಮಿತಿ ಹಳೆಯ ಮಿತಿಯನ್ನೇ ಉಳಿಸಿಕೊಂಡಿತು. ಮೈತೂಕದ ಒಂದು ಕಿಲೋಗೆ ದಿನಕ್ಕೆ 40 ಮಿಲಿಗ್ರಾಂ. ಒಂದು ಕ್ಯಾನಿನಲ್ಲಿ 200ರಿಂದ 300 ಮಿಲಿಗ್ರಾಂ ಇದ್ದರೆ 70 ಕಿಲೋ ತೂಕದ ವ್ಯಕ್ತಿ ಮಿತಿ ದಾಟಲು ದಿನಕ್ಕೆ 9ರಿಂದ 14 ಕ್ಯಾನ್ ಕುಡಿಯಬೇಕು. ಅಷ್ಟು ಯಾರೂ ಕುಡಿಯುವುದಿಲ್ಲ, ಸರಿ. ಈಗ ಅದೇ ಲೆಕ್ಕವನ್ನು 20 ಕಿಲೋ ತೂಗುವ ಮಗುವಿಗೆ ಹಾಕಿ. 20 ಗುಣಿಸು 40, ಅಂದರೆ 800 ಮಿಲಿಗ್ರಾಂ. ಮೂರು ನಾಲ್ಕು ಕ್ಯಾನಿಗೇ ಮಿತಿ ಮುಟ್ಟುತ್ತದೆ. ಮಿತಿ ಇರುವುದು ಮೈತೂಕದ ಮೇಲೆ. ದೊಡ್ಡವರಿಗೆ ಸಣ್ಣದು ಅನಿಸಿದ್ದು ಮಗುವಿಗೆ ಸಣ್ಣದಲ್ಲ.

ಈ ಸಂದರ್ಭಗಳನ್ನು ಮರೆಯಬೇಡಿ

1. ಸಕ್ಕರೆ ಇಳಿದಾಗ: ಇದು ಪ್ರಾಣದ ಪ್ರಶ್ನೆ, ದಯವಿಟ್ಟು ಗಮನಿಸಿ. ನಮ್ಮ ಸಂಘದ ಒಬ್ಬ ಅಕ್ಕ ಬೆಳಿಗ್ಗೆ ಇನ್ಸುಲಿನ್ ಹಾಕಿಕೊಂಡು, ತಿಂಡಿ ತಿನ್ನಲು ಹೊತ್ತಾಗದೆ ಬಸ್ ಹತ್ತಿದರು ಅಂತ ಇಟ್ಟುಕೊಳ್ಳಿ. ದಾರಿಯಲ್ಲಿ ಮೈ ಬೆವರುತ್ತದೆ, ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಮಾತು ತೊದಲುತ್ತದೆ. ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಇಳಿದಿರಬಹುದು. ಆಗ ಪಕ್ಕದವರು, ‘ಇವರಿಗೆ ಶುಗರ್ ಇದೆ, ಸಕ್ಕರೆ ಇಲ್ಲದ್ದೇ ಕೊಡಿ’ ಅಂತ ಶುಗರ್ ಫ್ರೀ ಬಾಟಲಿ ಕುಡಿಸಿದರೆ ಒಂದು ಚೂರೂ ಪ್ರಯೋಜನ ಇಲ್ಲ. ನಾಲಿಗೆಗೆ ಸಿಹಿ, ರಕ್ತಕ್ಕೆ ಬರೀ ನೀರು. ಆ ಹೊತ್ತಿಗೆ ಬೇಕಾದದ್ದು ನಿಜವಾದ ಸಕ್ಕರೆ: 3 ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಿಗೆ ಹಾಕಿ ಕುಡಿಸಿ. 15 ನಿಮಿಷ ನೋಡಿ. ಸುಧಾರಿಸದಿದ್ದರೆ ಇನ್ನೊಮ್ಮೆ ಕೊಡಿ. ಸುಧಾರಿಸಿದ ಮೇಲೆ ಊಟ ಮಾಡಿಸಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬಾರದು, 108ಕ್ಕೆ ಫೋನ್ ಮಾಡಿ ಕೂಡಲೇ ಆಸ್ಪತ್ರೆಗೆ ಸೇರಿಸಬೇಕು. ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಚೀಲದಲ್ಲಿ ಒಂದು ಪೊಟ್ಟಣ ಸಕ್ಕರೆ ಇಟ್ಟುಕೊಂಡೇ ಹೊರಡಿ.

2. ವಾಂತಿ ಭೇದಿ ಆದಾಗ: ಕೂಲ್ ಡ್ರಿಂಕ್ಸ್ ಯಾವುದೂ ಬೇಡ, ಸಕ್ಕರೆ ಇಲ್ಲದ್ದಂತೂ ಬೇಡವೇ ಬೇಡ. ಉಪ್ಪು ನೀರನ್ನು ಕರುಳು ಹೀರಿಕೊಳ್ಳಲು ಗ್ಲೂಕೋಸ್ ಬೇಕು. ಆಸ್ಪತ್ರೆ, ಅಂಗನವಾಡಿ, ಆಶಾ ಕಾರ್ಯಕರ್ತೆಯರ ಬಳಿ ಸಿಗುವ ಓಆರ್‌ಎಸ್ ಪೊಟ್ಟಣವೇ ಸರಿ. ಅದು ಸಿಗುವ ತನಕ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಮಟ್ಟಸವಾಗಿ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು.

3. ಮಕ್ಕಳಿಗೆ: ಇಂಥ ಹಲವು ಬಾಟಲಿಗಳ ಮೇಲೆಯೇ ‘ಮಕ್ಕಳಿಗೆ ಶಿಫಾರಸು ಮಾಡುವುದಿಲ್ಲ’ ಎಂಬ ಅರ್ಥದ ಸಣ್ಣಕ್ಷರದ ಸಾಲು ಇರುತ್ತದೆ. ತಯಾರಿಸಿದವರೇ ಬೇಡ ಅಂದ ಮೇಲೆ ನಾವು ಯಾಕೆ ಕೊಡಬೇಕು?

4. ಫಿನೈಲ್‌ಕೀಟೋನ್ಯೂರಿಯಾ ಇರುವವರಿಗೆ: ಹೆಸರು ಕಷ್ಟ, ಕಾಯಿಲೆ ಅಪರೂಪ. ಹುಟ್ಟಿನಿಂದ ಬರುವ ಈ ತೊಂದರೆ ಇರುವ ಮಗುವಿನ ಮೈಗೆ ಆಸ್ಪರ್ಟೇಮಿನಲ್ಲಿರುವ ಫಿನೈಲ್‌ಅಲನಿನ್ ಎಂಬ ಅಂಶವನ್ನು ಅರಗಿಸಲು ಆಗುವುದಿಲ್ಲ. ಅದು ಸೇರುತ್ತಾ ಹೋದರೆ ಮಿದುಳಿಗೆ ಪೆಟ್ಟಾಗುತ್ತದೆ. 951 ಹಾಕಿದ ಬಾಟಲಿಯ ಮೇಲೆ ಇದರ ಎಚ್ಚರಿಕೆ ಇರಲೇಬೇಕು.

5. ಗರ್ಭಿಣಿಯರಿಗೆ: ಕಾಫಿ, ಟೀ, ಕೋಲಾ ಮೂರರ ಕೆಫೀನೂ ಒಟ್ಟಿಗೆ ಲೆಕ್ಕಕ್ಕೆ ಬರುತ್ತದೆ. ಕಡಿಮೆ ಮಾಡಿದಷ್ಟೂ ಒಳ್ಳೆಯದು.

ಅಂಗಡಿ ನಡೆಸುವ ಸದಸ್ಯೆಯರಿಗೆ

ಸಂಘದ ಸಾಲದಿಂದ ಪೆಟ್ಟಿಗೆ ಅಂಗಡಿ ಹಾಕಿರುವವರು ನಮ್ಮಲ್ಲಿ ಬಹಳ ಜನ ಇದ್ದೀರಿ. ಮಾರಬೇಡಿ ಅಂತ ನಾವು ಹೇಳುವುದಿಲ್ಲ, ಅದು ನಿಮ್ಮ ಜೀವನೋಪಾಯ. ಆದರೆ ಬಾಟಲಿಗಳನ್ನು ಬಿಸಿಲಿಗೆ ಜೋಡಿಸಿ ಇಡಬೇಡಿ. ಬಿಸಿಗೆ ಆಸ್ಪರ್ಟೇಮ್ ಒಡೆದು ಸಿಹಿ ಕಳೆದುಕೊಳ್ಳುತ್ತದೆ. 211 ಮತ್ತು ವಿಟಮಿನ್ ಸಿ ಎರಡೂ ಇರುವ ಪಾನೀಯವನ್ನು ಬಿಸಿಲು, ಬೆಳಕಿನಲ್ಲಿ ಬಹಳ ದಿನ ಇಟ್ಟರೆ ಬೆಂಜೀನ್ ಎಂಬ ಕೆಟ್ಟ ಪದಾರ್ಥ ಸ್ವಲ್ಪ ಸ್ವಲ್ಪವಾಗಿ ಹುಟ್ಟಬಹುದು. ನೆರಳಿನಲ್ಲಿ ಇಡಿ, ತಾರೀಖು ನೋಡಿ, ಹಳೆಯದನ್ನು ಮೊದಲು ಮಾರಿ, ಅವಧಿ ಮೀರಿದ್ದನ್ನು ಹಿಂದಕ್ಕೆ ಕೊಡಿ. ಎಫ್‌ಎಸ್‌ಎಸ್‌ಎಐ ಗುರುತು ಮತ್ತು 14 ಅಂಕಿಯ ಲೈಸೆನ್ಸ್ ನಂಬರು ಇಲ್ಲದ ಮಾಲು ಇಳಿಸಿಕೊಳ್ಳಬೇಡಿ. ಸಂಘದಿಂದ ಶರಬತ್ತು, ಜ್ಯೂಸ್ ಮಾಡಿ ಮಾರುವವರು ಸಕ್ಕರೆ ಉಳಿಸಲು ಸ್ಯಾಕರಿನ್ ಬೆರೆಸುವ ಕೆಲಸಕ್ಕೆ ಕೈ ಹಾಕಬೇಡಿ. ಅದರ ಅಳತೆ ಮನೆಯ ಚಮಚಕ್ಕೆ ಸಿಗುವಂಥದ್ದಲ್ಲ.

ದುಡ್ಡಿನ ಲೆಕ್ಕವನ್ನೂ ನೋಡೋಣ

ದಿನಕ್ಕೆ 10 ರೂಪಾಯಿಯ ಒಂದು ಸಣ್ಣ ಬಾಟಲಿ ಅಂದರೆ ತಿಂಗಳಿಗೆ 300, ವರ್ಷಕ್ಕೆ 3,600 ರೂಪಾಯಿ ದಾಟುತ್ತದೆ. ಎಷ್ಟು ವಾರದ ಉಳಿತಾಯ ಅದು, ನೀವೇ ಹೇಳಿ. 2025ರ ಸೆಪ್ಟೆಂಬರ್ 22ರಿಂದ ಗ್ಯಾಸು ತುಂಬಿದ ಸಿಹಿ ಪಾನೀಯಗಳಿಗೆ ಶೇಕಡಾ 40 ಜಿಎಸ್‌ಟಿ ಇದೆ. ಸಕ್ಕರೆ ಹಾಕಿದ್ದಕ್ಕೂ ಅಷ್ಟೇ, ಬೇರೆ ಸಿಹಿ ಹಾಕಿದ್ದಕ್ಕೂ ಅಷ್ಟೇ.

ಬಾಯಾರಿಕೆಗೆ ನೀರಿಗಿಂತ ದೊಡ್ಡದು ಯಾವುದೂ ಇಲ್ಲ. ನಮ್ಮ ಹಿರಿಯರು ಬೇಸಿಗೆಗೆ ಕಂಡುಕೊಂಡದ್ದು ಕಡಿಮೆಯೇ? ನೀರು ಮಜ್ಜಿಗೆಗೆ ಕರಿಬೇವು, ಶುಂಠಿ, ಕೊತ್ತಂಬರಿ ಸೊಪ್ಪು, ರಾಗಿ ಅಂಬಲಿ, ಜೀರಿಗೆ ಕುದಿಸಿದ ನೀರು, ಕರಾವಳಿ ಮಲೆನಾಡಿನಲ್ಲಾದರೆ ಪುನರ್ಪುಳಿ ಸಾರಿನಂಥ ತಂಪು. ಸಕ್ಕರೆ ಕಾಯಿಲೆಯವರು ಸಿಹಿ ಹಾಕದೆ ಕುಡಿಯಿರಿ. ಅಂಬಲಿಯನ್ನು ಊಟದ ಲೆಕ್ಕಕ್ಕೇ ಸೇರಿಸಿ. ರಕ್ತದೊತ್ತಡ ಇದ್ದರೆ ಮಜ್ಜಿಗೆಗೆ ಉಪ್ಪು ಕಡಿಮೆ ಇರಲಿ. ಕಿಡ್ನಿ ತೊಂದರೆ ಇರುವವರು ಎಳನೀರು ಕುಡಿಯುವ ಮುಂಚೆ ವೈದ್ಯರನ್ನು ಕೇಳಿ.

ಎಂದೋ ಒಂದು ದಿನ ಮದುವೆ ಮನೆಯಲ್ಲಿ ಸಕ್ಕರೆ ಇಲ್ಲದ ಒಂದು ಬಾಟಲಿ ಕುಡಿದರೆ ಆಕಾಶ ಬೀಳುವುದಿಲ್ಲ. ಅದನ್ನೇ ದಿನಚರಿ ಮಾಡಿಕೊಳ್ಳುವುದು, ಔಷಧಿ ಎಂದು ನಂಬುವುದು, ಮಕ್ಕಳ ಕೈಗೆ ಕೊಡುವುದು ಬೇಡ. ಇಷ್ಟು ಮಾತ್ರ ನಮ್ಮ ವಿನಂತಿ.

ಮುಂದಿನ ಸಭೆಗೆ ಕೆಲಸ

– ಪ್ರತಿ ಸದಸ್ಯೆಯೂ ಒಂದೊಂದು ಖಾಲಿ ಬಾಟಲಿ ತನ್ನಿ. ಹಿಂಬದಿಯ ಅಂಕಿಗಳನ್ನು ಓದಿ, ಯಾವುದು ಏನು ಅಂತ ಹೇಳಿ.
– ಸಂಘದಲ್ಲಿ ಇನ್ಸುಲಿನ್, ಮಾತ್ರೆ ತೆಗೆದುಕೊಳ್ಳುವವರು ಯಾರು ಎಂದು ಒಬ್ಬರಿಗೊಬ್ಬರು ತಿಳಿದಿರಲಿ. ಸಕ್ಕರೆ ಇಳಿದಾಗ ಏನು ಕೊಡಬೇಕು ಅಂತ ಅವರ ಮನೆಯವರಿಗೂ ಹೇಳಿಕೊಡಿ.
– ಸಂಘದ ವಾರ್ಷಿಕೋತ್ಸವಕ್ಕೆ ಕೂಲ್ ಡ್ರಿಂಕ್ಸ್ ಬದಲು ಮಜ್ಜಿಗೆ ಅಥವಾ ಪಾನಕ ಕೊಡುವ ಬಗ್ಗೆ ಚರ್ಚಿಸಿ ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಪಾನಕವಾದರೆ ಬೆಲ್ಲದಲ್ಲೂ ಸಕ್ಕರೆಯೇ ಇದೆ ಎಂಬುದು ನೆನಪಿರಲಿ.
– ಬಾಟಲಿಯಲ್ಲಿ ಕಸ, ಸುಳ್ಳು ತಾರೀಖು ಕಂಡರೆ ಬಿಲ್ಲು, ಬಾಟಲಿ ಎರಡನ್ನೂ ಜೋಪಾನವಾಗಿಟ್ಟು 1915 ಗ್ರಾಹಕ ಸಹಾಯವಾಣಿಗೆ ದೂರು ಕೊಡಿ.

ಪಾಸ್‌ಬುಕ್ ಓದಲು ಕಲಿತ ಕೈಗಳಿಗೆ ಬಾಟಲಿ ಓದುವುದು ಕಷ್ಟವಲ್ಲ. ಕಲಿಯೋಣ, ಪಕ್ಕದ ಮನೆಯವರಿಗೂ ಕಲಿಸೋಣ.